ಸೆಂಡಾ ಬೆರೆನ್ಸನ್: ಹುಡುಗಿಯರ ಕೈಗೆ ಚೆಂಡು ಕೊಟ್ಟಾಕೆ

ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದೆ ಒಂದು ಮಣ್ಣಿನ ಅಂಗಳವಿದೆ. ಅದರ ಎರಡು ತುದಿಗಳಲ್ಲಿ ಎರಡು ಕಬ್ಬಿಣದ ಕಂಬಗಳು. ಪೂರ್ವದ ಕಂಬ ಕೊಂಚ ವಾಲಿದೆ. ಮಳೆ ಬಂದ ಮರುದಿನ ಅಂಗಳದ ಗೆರೆಗಳು ಅಳಿಸಿಹೋಗಿರುತ್ತವೆ. ನಾವೇ ಡಬ್ಬದಲ್ಲಿ ಸುಣ್ಣದ ಪುಡಿ ತಂದು ಎಳೆದುಕೊಳ್ಳುತ್ತೇವೆ. ಸಂಜೆ ತರಗತಿಗಳು ಮುಗಿದ ಮೇಲೆ ಅಲ್ಲಿ ಬಾಸ್ಕೆಟ್‌ಬಾಲ್ ಆಡುವ ಎಂಟು ಮಂದಿ ಹುಡುಗಿಯರಲ್ಲಿ ನಾನೂ ಒಬ್ಬಳು. ಈ ಸಂಚಿಕೆಗೆ ಯಾರಾದರೊಬ್ಬ ದೊಡ್ಡವರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಕನ್ನಡದ ಮೇಷ್ಟ್ರು ಹೇಳಿದಾಗ, ನನ್ನ ಗೆಳತಿಯರು ಗಾಂಧೀಜಿ, ವಿವೇಕಾನಂದರು, ಮೇಡಂ ಕ್ಯೂರಿ ಎಂದು ಆಗಲೇ ಹಂಚಿಕೊಂಡುಬಿಟ್ಟಿದ್ದರು. ತಡವಾಗಿ ಬಂದವಳಿಗೆ ಉಳಿದದ್ದು ಆ ಅಂಗಳ ಮಾತ್ರ. ಅದನ್ನೇ ಹಿಡಿದು ಹೊರಟೆ.

ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಜೇಮ್ಸ್ ನೈಸ್ಮಿತ್ ಎಂಬುದು ನಮ್ಮ ವ್ಯಾಯಾಮದ ಮೇಷ್ಟ್ರ ಬಾಯಲ್ಲಿ ಹಲವು ಸಲ ಕೇಳಿದ ಸಂಗತಿ. ಆದರೆ ಇದನ್ನು ಕಾಲೇಜಿನ ಹುಡುಗಿಯರ ಕೈಗೆ ಕೊಟ್ಟವರು ಯಾರೆಂಬ ಪ್ರಶ್ನೆ ಮೂರು ವರ್ಷ ಆಡಿದರೂ ನನಗೆ ಹೊಳೆದಿರಲಿಲ್ಲ. ಹುಡುಕಿದಾಗ ಸಿಕ್ಕಿದ ಹೆಸರು ಸೆಂಡಾ ಬೆರೆನ್ಸನ್. ಆಟ ಆಡುವವರಲ್ಲೇ ಅನೇಕರಿಗೆ ಈ ಹೆಸರು ಗೊತ್ತಿಲ್ಲ. ಆಕೆಯ ದೇಶದಲ್ಲಾದರೋ ಮಹಿಳೆಯರ ಬಾಸ್ಕೆಟ್‌ಬಾಲಿನ ತಾಯಿ ಎಂದೇ ಆಕೆಯನ್ನು ಕರೆಯುತ್ತಾರೆ. ಮೊದಲು ಓದಿದಾಗ ನನಗೆ ಆಕೆಯ ಮೇಲೆ ಭಕ್ತಿ ಹುಟ್ಟಿತು. ಇನ್ನಷ್ಟು ಓದಿದಾಗ ಸಿಟ್ಟು ಬಂತು. ಈಗ ಎರಡೂ ಇವೆ. ಹೀಗಿರುವಾಗಲೇ ಬರೆದುಬಿಡುವುದು ಒಳ್ಳೆಯದೆಂದು ಕುಳಿತಿದ್ದೇನೆ.

ಸೆಂಡಾ ಹುಟ್ಟಿದ್ದು ೧೮೬೮ನೆಯ ಇಸವಿ ಮಾರ್ಚ್ ೧೯ರಂದು, ಲಿಥುವೇನಿಯಾದ ಬುಟ್ರಿಮೋನಿಸ್ ಎಂಬ ಸಣ್ಣ ಊರಿನಲ್ಲಿ. ಆ ನಾಡು ಆಗ ರಷ್ಯದ ಚಕ್ರವರ್ತಿಗಳ ಆಳ್ವಿಕೆಗೆ ಒಳಪಟ್ಟಿತ್ತು. ಯೆಹೂದ್ಯ ಮನೆತನ. ತಂದೆ ಮೊದಲು ಅಮೆರಿಕಕ್ಕೆ ಹೋದನು. ೧೮೭೫ರಲ್ಲಿ ಹೆಂಡತಿ ಮಕ್ಕಳು ಹಿಂದಿನಿಂದ ಹೋಗಿ ಬಾಸ್ಟನ್ ನಗರ ಸೇರಿದರು. ವಾಲ್ವ್ರೊಯೆನ್ಸ್ಕಿ ಎಂಬ ಹಳೆಯ ಮನೆತನದ ಹೆಸರನ್ನು ಬಿಟ್ಟು ಬೆರೆನ್ಸನ್ ಎಂದು ಹೊಸ ಹೆಸರಿಟ್ಟುಕೊಂಡರು. ಆಗ ಸೆಂಡಾಗೆ ಏಳು ವರ್ಷ. ತಂದೆಯದು ಸಾಮಾನು ಹೊತ್ತು ತಿರುಗಿ ಮಾರುವ ಜೀವನ. ಮನೆಯಲ್ಲಿ ಹಣ ಕಡಿಮೆ, ಪುಸ್ತಕದ ಹುಚ್ಚು ಹೆಚ್ಚು. ಹೊಸ ನಾಡಿನ ಭಾಷೆಯನ್ನೂ ನಡೆಯನ್ನೂ ಮಕ್ಕಳು ಬೇಗ ಕಲಿಯಬೇಕೆಂಬುದು ಆತನ ಹಟ. ಅಣ್ಣ ಬರ್ನಾರ್ಡ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಇಟಲಿಯಲ್ಲಿ ನೆಲೆಸಿ, ಅಲ್ಲಿನ ಹಳೆಯ ಚಿತ್ರಕಲೆಯ ವಿಷಯದಲ್ಲಿ ಜಗತ್ತೇ ಮನ್ನಿಸುವ ಪಂಡಿತನಾದನು. ಕಲೆಯ ಪುಸ್ತಕಗಳಲ್ಲಿ ಬೆರೆನ್ಸನ್ ಎಂದು ಬಂದರೆ ಅದು ಅಣ್ಣನೇ ಹೊರತು ತಂಗಿಯಲ್ಲ.

ಇಲ್ಲಿ ನನ್ನ ಮಾತೊಂದನ್ನು ಸೇರಿಸಿದರೆ ಓದುಗರು ಕ್ಷಮಿಸಬೇಕು. ನನ್ನ ಅಪ್ಪ ಮಂಡಿಯಲ್ಲಿ ಹಮಾಲಿ. ಮೂಟೆ ಹೊರುವವರ ಮನೆಯಿಂದ ಕಾಲೇಜಿಗೆ ಬಂದ ಹುಡುಗಿಗೆ, ಸಾಮಾನು ಹೊತ್ತು ಮಾರುವವನ ಮಗಳ ಕಥೆ ಎಂದ ಕೂಡಲೇ ಪುಟ ತಿರುವಲು ಮನಸ್ಸಾಗಲಿಲ್ಲ.

ಬಾಲ್ಯದಿಂದಲೂ ಸೆಂಡಾಳ ಆರೋಗ್ಯ ಸರಿಯಿರಲಿಲ್ಲ. ಶಾಲೆಯ ಓದು ನಡುವೆ ನಿಂತಿತು. ಸಂಗೀತವೆಂದರೆ ಪ್ರಾಣ, ಪಿಯಾನೋ ಕಲಿಯಲು ಸೇರಿದಳು. ಆದರೆ ಬೆನ್ನು ನೋವು. ಗಂಟೆಗಟ್ಟಲೆ ವಾದ್ಯದ ಮುಂದೆ ಕುಳಿತು ಸಾಧನೆ ಮಾಡಲಾಗದೆ ಅದನ್ನೂ ಕೈಬಿಡಬೇಕಾಯಿತು. ಇಪ್ಪತ್ತೆರಡರ ವಯಸ್ಸಿಗೆ ಓದೂ ಇಲ್ಲ, ಸಂಗೀತವೂ ಇಲ್ಲ ಎಂಬಂಥ ಸ್ಥಿತಿ. ಆಗ, ೧೮೯೦ರಲ್ಲಿ, ಮೈಗೆ ಸ್ವಲ್ಪ ಬಲ ಬರಲೆಂದು ಬಾಸ್ಟನ್ನಿನ ವ್ಯಾಯಾಮ ಶಿಕ್ಷಕಿಯರ ಶಾಲೆಗೆ ಸೇರಿದಳು. ಮೇರಿ ಹೆಮೆನ್‌ವೇ ಎಂಬ ಸಿರಿವಂತ ಮಹಿಳೆ ಹಣ ಕೊಟ್ಟು, ಏಮಿ ಮಾರಿಸ್ ಹೋಮನ್ಸ್ ಎಂಬಾಕೆ ನಡೆಸುತ್ತಿದ್ದ ಶಾಲೆ ಅದು. ಸ್ಥಾಪನೆಯಾಗಿ ಆಗ ಒಂದೇ ವರ್ಷವಾಗಿತ್ತು. ಅಲ್ಲಿ ಕಲಿಸುತ್ತಿದ್ದುದು ಸ್ವೀಡನ್ ದೇಶದ ಪದ್ಧತಿಯ ಅಂಗಸಾಧನೆ. ಮೊದಮೊದಲು ಆಕೆಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಕೆಲವು ನಿಮಿಷ ನಿಂತರೆ ಸುಸ್ತು. ನಡುನಡುವೆ ಮಲಗಿ ದಣಿವಾರಿಸಿಕೊಳ್ಳಬೇಕು. ಆದರೂ ಬಿಡದೆ ಹೋದಳು. ತಿಂಗಳು ಕಳೆದಂತೆ ಬೆನ್ನು ನೆಟ್ಟಗಾಯಿತು, ಉಸಿರು ನಿಂತಿತು, ಹಸಿವು ಹುಟ್ಟಿತು. ಔಷಧಕ್ಕಾಗಿ ಹೋದವಳು ಅದನ್ನೇ ಕಸುಬಾಗಿ ಹಿಡಿದಳು. ಗಟ್ಟಿಮುಟ್ಟಾಗಿ ಹುಟ್ಟಿದವರು ಮೇಷ್ಟ್ರಾದರೆ ಬಲವಿಲ್ಲದವರ ಕಷ್ಟ ಅವರಿಗೆ ತಿಳಿಯುವುದಿಲ್ಲ. ಈಕೆಗೆ ತಿಳಿದಿತ್ತು.

೧೮೯೨ರ ಜನವರಿಯಲ್ಲಿ ನಾರ್ತಾಂಪ್ಟನ್ ಊರಿನ ಸ್ಮಿತ್ ಕಾಲೇಜಿನಿಂದ ಕರೆ ಬಂತು. ಅಲ್ಲಿನ ವ್ಯಾಯಾಮ ಶಿಕ್ಷಕಿ ಕಾಯಿಲೆ ಬಿದ್ದಿದ್ದರಿಂದ ಆ ಜಾಗಕ್ಕೆ ತಾತ್ಕಾಲಿಕವಾಗಿ ಹೋದ ಸೆಂಡಾ ಹತ್ತೊಂಬತ್ತು ವರ್ಷ ಅಲ್ಲಿಯೇ ಉಳಿದಳು. ಸ್ಮಿತ್ ಕಾಲೇಜು ಹೆಣ್ಣುಮಕ್ಕಳಿಗಾಗಿಯೇ ಸೋಫಿಯಾ ಸ್ಮಿತ್ ಎಂಬಾಕೆ ಬಿಟ್ಟುಹೋದ ಆಸ್ತಿಯಿಂದ ೧೮೭೫ರಲ್ಲಿ ತೆರೆದ ಸಂಸ್ಥೆ. ಅಂದರೆ ಸೆಂಡಾ ಅಮೆರಿಕದ ನೆಲಕ್ಕೆ ಕಾಲಿಟ್ಟ ವರ್ಷವೇ ಆ ಕಾಲೇಜಿನ ಬಾಗಿಲೂ ತೆರೆದಿತ್ತು.

ಆ ಕಾಲದ ಗಾಳಿ ಎಂಥದೆಂದು ತಿಳಿಯದಿದ್ದರೆ ಮುಂದಿನ ಕಥೆ ಅರ್ಥವಾಗದು. ೧೮೭೩ರಲ್ಲಿ ಹಾರ್ವರ್ಡಿನಲ್ಲಿ ಪಾಠ ಹೇಳಿದ್ದ ಎಡ್ವರ್ಡ್ ಕ್ಲಾರ್ಕ್ ಎಂಬ ವೈದ್ಯನು ಒಂದು ಪುಸ್ತಕ ಬರೆದಿದ್ದನು. ಹುಡುಗಿಯರು ಹುಡುಗರಂತೆ ಕಷ್ಟಪಟ್ಟು ಓದಿದರೆ ಮೈಯ ಶಕ್ತಿಯೆಲ್ಲ ಮಿದುಳಿಗೆ ಹರಿದುಹೋಗಿ, ನರಗಳು ಸೋತು, ಮುಂದೆ ತಾಯಿಯಾಗಲು ಬೇಕಾದ ಬಲ ಉಳಿಯದೆಂಬುದು ಅವನ ವಾದ. ಪುಸ್ತಕ ಒಂದರ ಮೇಲೊಂದು ಮುದ್ರಣ ಕಂಡಿತು. ಹೆಣ್ಣುಮಕ್ಕಳ ಕಾಲೇಜುಗಳು ಅದಕ್ಕೆ ಉತ್ತರ ಹೇಳಲೇಬೇಕಾಯಿತು. ಓದಿನ ಜೊತೆಗೆ ಅಂಗಸಾಧನೆಯನ್ನೂ ಕಡ್ಡಾಯ ಮಾಡಿ, ಇಗೋ ನಮ್ಮ ಹುಡುಗಿಯರು ಆರೋಗ್ಯವಾಗಿದ್ದಾರೆಂದು ತೋರಿಸಿದವು. ಹೀಗಾಗಿ ವ್ಯಾಯಾಮ ಶಾಲೆ ಆ ಕಾಲೇಜುಗಳಲ್ಲಿ ಬರಿಯ ಶೋಕಿಯಾಗಿರಲಿಲ್ಲ. ಒಬ್ಬ ಹುಡುಗಿ ಬಿದ್ದು ಕಾಲು ಮುರಿದುಕೊಂಡರೆ, ನೋಡಿದಿರಾ ನಾವು ಹೇಳಲಿಲ್ಲವೇ ಎನ್ನಲು ನೂರು ಮಂದಿ ಕಾದಿದ್ದರು. ಸೆಂಡಾ ನಿಂತ ನೆಲ ಅಷ್ಟು ಇಕ್ಕಟ್ಟಿನದು.

ಕಾಲೇಜಿನಲ್ಲಿ ಹೊಸ ವ್ಯಾಯಾಮ ಮಂದಿರವೇನೋ ಇತ್ತು. ಆದರೆ ಕೈ ಮೇಲೆ, ಕೈ ಕೆಳಗೆ ಎಂಬ ಕವಾಯತು ಹುಡುಗಿಯರಿಗೆ ಬೇಸರ. ಅದೇ ಹೊತ್ತಿಗೆ, ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರು ದೂರದ ಸ್ಪ್ರಿಂಗ್‌ಫೀಲ್ಡಿನಲ್ಲಿ, ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ನೈಸ್ಮಿತ್, ಚಳಿಗಾಲದಲ್ಲಿ ಒಳಗೇ ಆಡಬಹುದಾದ ಆಟವೊಂದನ್ನು ೧೮೯೧ರ ಡಿಸೆಂಬರಿನಲ್ಲಿ ಕಟ್ಟಿದ್ದನು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಹದಿಮೂರು ನಿಯಮ ಬರೆದು, ಹದಿನೆಂಟು ಮಂದಿ ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿ ಆಡಿಸಿದನು. ಆ ಊರಿನ ಶಾಲೆಯೊಂದರ ಉಪಾಧ್ಯಾಯಿನಿಯರು ಇಣುಕಿ ನೋಡಿ ತಾವೂ ಆಡಿದರು. ಅವರಲ್ಲೊಬ್ಬಾಕೆಯೇ ಮುಂದೆ ನೈಸ್ಮಿತನ ಹೆಂಡತಿಯಾದಳು. ಆಟದ ವಿವರಗಳು ಅಚ್ಚಾದದ್ದನ್ನು ಓದಿದ ಸೆಂಡಾ ೧೮೯೨ರಲ್ಲಿಯೇ ಅದನ್ನು ತನ್ನ ಹುಡುಗಿಯರಿಗೆ ಪರಿಚಯ ಮಾಡಿಸಿದಳು. ಒಂದು ಪ್ರಯೋಗವೆಂದಷ್ಟೇ ಆಕೆ ಎಣಿಸಿದ್ದಳು. ಹುಡುಗಿಯರು ಕೈಬಿಡಲಿಲ್ಲ.

೧೮೯೩ರ ಮಾರ್ಚ್ ೨೨ರಂದು ನಡೆದ ಪಂದ್ಯವೇ ಕಾಲೇಜು ಹೆಣ್ಣುಮಕ್ಕಳು ಆಡಿದ ಮೊದಲ ಬಾಸ್ಕೆಟ್‌ಬಾಲ್ ಪಂದ್ಯವೆಂದು ಚರಿತ್ರೆಯಲ್ಲಿ ದಾಖಲಾಗಿದೆ. ಬೇರೆ ಕಾಲೇಜಿನ ಮೇಲಲ್ಲ. ಸ್ಮಿತ್ ಕಾಲೇಜಿನ ಎರಡನೆಯ ವರ್ಷದವರಿಗೂ ಮೊದಲನೆಯ ವರ್ಷದವರಿಗೂ. ಗಂಡಸರಿಗೆ ಪ್ರವೇಶವಿಲ್ಲವೆಂದು ಬಾಗಿಲು ಹಾಕಲಾಗಿತ್ತು, ಏಕೆಂದರೆ ಹುಡುಗಿಯರು ಉದ್ದನೆಯ ಲಂಗ ಬಿಟ್ಟು ಮಂಡಿಯ ಕೆಳಗೆ ಬಿಗಿದ ಸಡಿಲು ಚಲ್ಲಣ ತೊಟ್ಟಿದ್ದರು. ಒಳಗೆ ಮಾತ್ರ ಎರಡೂ ತರಗತಿಯ ಹುಡುಗಿಯರು ಸೇರಿ, ತಮ್ಮತಮ್ಮ ತರಗತಿಯ ಬಣ್ಣದ ಬಟ್ಟೆಗಳನ್ನು ತೂಗುಬಿಟ್ಟು, ಹಾಡಿ ಕೂಗಿ ಗದ್ದಲವೆಬ್ಬಿಸಿದ್ದರು. ಸೆಂಡಾ ಚೆಂಡನ್ನು ಮೇಲಕ್ಕೆಸೆದಳು. ಮೊದಲ ನೆಗೆತದಲ್ಲಿಯೇ ಮೊದಲನೆಯ ವರ್ಷದ ಹುಡುಗಿಯ ತೋಳು ಕೀಲು ತಪ್ಪಿತು. ಇದನ್ನು ಓದಿದಾಗ ನನ್ನ ಎದೆ ಝಲ್ಲೆಂದಿತು. ಇಂಥದೊಂದಕ್ಕೆ ಕಾದಿದ್ದವರಿಗೆ ಇದಕ್ಕಿಂತ ಬೇರೇನು ಬೇಕು? ಆಟವನ್ನು ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಸೆಂಡಾಳನ್ನು ದೂರುತ್ತಿರಲಿಲ್ಲ. ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದೊಯ್ದು ಕೀಲು ಕೂಡಿಸಿದರು. ಆಕೆಯ ಸ್ಥಾನಕ್ಕೆ ಇನ್ನೊಬ್ಬಳು ಬಂದಳು. ಚೆಂಡು ಮತ್ತೆ ಮೇಲೇರಿತು. ಎರಡನೆಯ ವರ್ಷದವರು ೫-೪ರಿಂದ ಗೆದ್ದರು.

ಐದು, ನಾಲ್ಕು! ನಾವು ಐದು ನಿಮಿಷದಲ್ಲಿ ಹಾಕುವಷ್ಟು ಅಂಕಗಳನ್ನು ಅವರು ಒಂದಿಡೀ ಪಂದ್ಯದಲ್ಲಿ ಹಾಕಿದ್ದರು. ಅದಕ್ಕೆ ಅವರು ಆಡುತ್ತಿದ್ದ ಹೊಸ ಆಟದ ಬಗೆಯೂ ಕಾರಣವಿರಬಹುದು. ಆದರೆ ಗದ್ದಲಕ್ಕೇನೂ ಕೊರತೆಯಿರಲಿಲ್ಲ.

ಇನ್ನು ನನಗೆ ಸಿಟ್ಟು ಬಂದ ಭಾಗ. ನೈಸ್ಮಿತನ ಆಟವನ್ನು ಇದ್ದಂತೆಯೇ ಆಡಿಸಿದರೆ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಒರಟರಾಗುತ್ತಾರೆಂದು ಸೆಂಡಾ ಅಂಜಿದಳು. ಆಟದ ನಿಯಮಗಳನ್ನು ಬದಲಿಸಿದಳು. ಅಂಗಳವನ್ನು ಅಡ್ಡ ಗೆರೆಗಳಿಂದ ಮೂರು ಪಾಲು ಮಾಡಿದಳು. ಯಾವ ಪಾಲಿನಲ್ಲಿ ನಿಲ್ಲಿಸಿದರೋ ಆಟಗಾರ್ತಿ ಅಲ್ಲಿಯೇ ಇರಬೇಕು, ಗೆರೆ ದಾಟುವಂತಿಲ್ಲ. ಎದುರಾಳಿಯ ಕೈಯಲ್ಲಿರುವ ಚೆಂಡನ್ನು ಕಿತ್ತುಕೊಳ್ಳುವಂತಿಲ್ಲ. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಹಿಡಿದಿರುವಂತಿಲ್ಲ. ಮೂರು ಸಲಕ್ಕಿಂತ ಹೆಚ್ಚು ನೆಲಕ್ಕೆ ಪುಟಿಸುವಂತಿಲ್ಲ. ಒಬ್ಬಳೇ ಚೆಂಡು ಹಿಡಿದು ಈ ತುದಿಯಿಂದ ಆ ತುದಿಗೆ ಓಡಿ ಬುಟ್ಟಿಗೆ ಹಾಕುವುದೆಂಬುದು ಆ ಆಟದಲ್ಲಿ ಇಲ್ಲವೇ ಇಲ್ಲ. ನಾನು ಆಡುವುದು ಗಾರ್ಡ್ ಸ್ಥಾನದಲ್ಲಿ. ಎದುರಾಳಿಯ ಕೈತಪ್ಪಿದ ಚೆಂಡನ್ನು ಹಿಡಿದು ಅಂಗಳದ ಉದ್ದಕ್ಕೂ ಓಡುವ ಆ ನಾಲ್ಕೈದು ಸೆಕೆಂಡುಗಳಿಗಾಗಿ ನಾನು ದಿನವಿಡೀ ತರಗತಿಯಲ್ಲಿ ಕಾಯುತ್ತೇನೆ. ಅದೇ ಇಲ್ಲದ ಮೇಲೆ ಇದೆಂಥ ಆಟ? ಹೆಣ್ಣಿಗೆ ಗೆರೆ ಎಳೆಯಲು ಊರೆಲ್ಲ ಇರುವಾಗ, ಹೆಣ್ಣೇ ಸುಣ್ಣದ ಡಬ್ಬ ಹಿಡಿಯಬೇಕಿತ್ತೇ?

ಈ ಸಿಟ್ಟು ಒಂದು ವಾರವಿತ್ತು. ಆಮೇಲೆ ನನ್ನದೇ ಕಥೆ ನೆನಪಿಗೆ ಬಂತು. ಪ್ರಥಮ ಬಿ.ಎ.ಗೆ ಸೇರಿದಾಗ ಆಟಕ್ಕೆ ಅಪ್ಪನ ಅಪ್ಪಣೆ ಸಿಕ್ಕಿದ್ದು ಮೂರು ಷರತ್ತುಗಳ ಮೇಲೆ. ಕಾಲೇಜಿನ ಕಾಂಪೌಂಡಿನ ಒಳಗೆ ಮಾತ್ರ ಆಡಬೇಕು. ಕಾಲು ಮುಚ್ಚುವ ಪ್ಯಾಂಟನ್ನೇ ತೊಡಬೇಕು. ಐದೂವರೆಯ ಬಸ್ಸು ತಪ್ಪಬಾರದು. ಆ ಮೂರು ಗೆರೆಗಳ ಒಳಗೆ ನಾನು ಒಂದು ವರ್ಷ ಆಡಿದೆ. ಅವು ನನ್ನನ್ನು ಕಟ್ಟಿಹಾಕಿದವೆಂಬುದು ನಿಜ. ಆದರೆ ಗಲ್ಲಿಯವರು ಬಂದು ನಿಮ್ಮ ಮಗಳು ಚೆಂಡಾಡುತ್ತಾಳಂತಲ್ಲ ಎಂದಾಗ, ಕಾಲೇಜಿನ ಒಳಗೇ ಆಡುತ್ತಾಳೆ, ಹೊತ್ತಿಗೆ ಸರಿಯಾಗಿ ಬರುತ್ತಾಳೆ ಎಂದು ಹೇಳಲು ಅಪ್ಪನಿಗೊಂದು ಮಾತು ಬೇಕಿತ್ತು. ಆ ಷರತ್ತುಗಳು ನನಗಾಗಿ ಅಲ್ಲ, ಗಲ್ಲಿಯವರಿಗಾಗಿ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಸೆಂಡಾಳ ಗೆರೆಗಳೂ ಒಂದು ಪಾಲು ಅಂಥವೇ ಎಂದು ನಾನು ಊಹಿಸುತ್ತೇನೆ. ಡಾಕ್ಟರ್ ಕ್ಲಾರ್ಕನ ಶಿಷ್ಯರಿಗೆ ತೋರಿಸಲು ಆಕೆಗೂ ಏನಾದರೂ ಬೇಕಿತ್ತು. ಹಾಗೆಂದು ಆಕೆ ಬೇರೆಯವರ ಭಯಕ್ಕೆ ಮಾತ್ರ ಹಾಗೆ ಮಾಡಿದಳೆಂದರೆ ಅದೂ ಸುಳ್ಳಾಗುತ್ತದೆ. ಹೆಣ್ಣು ಒರಟಾಗಬಾರದು, ಗೆಲುವಿನ ಹುಚ್ಚು ಹಿಡಿಯಬಾರದು ಎಂಬುದು ಆಕೆಯ ಸ್ವಂತ ನಂಬಿಕೆಯೂ ಆಗಿತ್ತು. ಒಬ್ಬಳೇ ಮಿಂಚುವುದಕ್ಕಿಂತ ಎಲ್ಲರೂ ಕೂಡಿ ಆಡುವುದು ಮೇಲೆಂದು ಆಕೆ ಬರೆದಳು. ಮೂರು ಪಾಲಿನ ಅಂಗಳದಲ್ಲಿ ಚೆಂಡು ಮುಂದೆ ಹೋಗಬೇಕಾದರೆ ಕೈಯಿಂದ ಕೈಗೆ ಹೋಗಲೇಬೇಕು. ದುರ್ಬಲಳಾದ ಹುಡುಗಿಯ ಕೈಗೂ ಚೆಂಡು ಬಂದೇ ಬರುತ್ತದೆ. ಕೆಲವು ನಿಮಿಷ ನಿಲ್ಲಲಾರದೆ ಮಲಗುತ್ತಿದ್ದವಳು ಬರೆದ ನಿಯಮಗಳಿವು ಎಂಬುದನ್ನು ಮರೆಯಲಾಗದು.

ಪೈಪೋಟಿಯ ವಿಷಯದಲ್ಲಿ ಮಾತ್ರ ನಾನು ಆಕೆಯ ಪಕ್ಷವಲ್ಲ. ಸ್ಮಿತ್ ಕಾಲೇಜಿನಲ್ಲಿ ತರಗತಿ ತರಗತಿಗಳ ನಡುವಿನ ಪಂದ್ಯ ವರ್ಷವರ್ಷವೂ ದೊಡ್ಡ ಹಬ್ಬವಾಗಿ ಬೆಳೆಯಿತು. ಆದರೆ ಬೇರೆ ಕಾಲೇಜಿನ ತಂಡದ ಮೇಲೆ ತನ್ನ ಹುಡುಗಿಯರನ್ನು ಕಳುಹಿಸಲು ಸೆಂಡಾ ಒಪ್ಪಲಿಲ್ಲ. ಗಂಡಸರ ಕಾಲೇಜು ಪಂದ್ಯಗಳಲ್ಲಿ ಹಣ, ಹೊಡೆದಾಟ, ಮೋಸ ಸೇರಿಕೊಂಡದ್ದನ್ನು ಕಂಡು, ಆ ಹಾದಿಗೇ ಹೋಗುವುದು ಬೇಡವೆಂದು ನಿಶ್ಚಯಿಸಿದಳು. ಅದೇ ದೇಶದ ಇನ್ನೊಂದು ಕರಾವಳಿಯಲ್ಲಿ ಹುಡುಗಿಯರು ಕಾಯಲಿಲ್ಲ. ೧೮೯೬ರ ಏಪ್ರಿಲ್ ೪ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗಿಯರೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹುಡುಗಿಯರೂ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಒಂದು ದೊಡ್ಡ ಸಭಾಂಗಣದಲ್ಲಿ ಎದುರುಬದುರಾದರು. ಒಂದೊಂದು ಕಡೆಗೆ ಒಂಬತ್ತು ಮಂದಿ. ಇಲ್ಲಿಯೂ ಗಂಡಸರಿಗೆ ಪ್ರವೇಶವಿರಲಿಲ್ಲ. ನೂರಾರು ಮಂದಿ ಹೆಂಗಸರು ಸೇರಿದ್ದರು. ಸ್ಟ್ಯಾನ್‌ಫರ್ಡ್ ೨-೧ರಿಂದ ಗೆದ್ದಿತು. ಅಷ್ಟು ಕಡಿಮೆ ಅಂಕದ ಪಂದ್ಯಕ್ಕೆ ಅಷ್ಟು ಜನ ಗಂಟಲು ಹರಿಯುವಂತೆ ಕೂಗಿದರೆಂದರೆ ಆ ಎರಡು ಕಾಲೇಜುಗಳ ಹಟ ಎಂಥದಿರಬೇಕು! ಆದರೆ ಮೂರೇ ವರ್ಷಗಳಲ್ಲಿ, ೧೮೯೯ರಲ್ಲಿ, ಸ್ಟ್ಯಾನ್‌ಫರ್ಡಿನ ಅಧಿಕಾರಿಗಳೇ ತಮ್ಮ ಹುಡುಗಿಯರ ಅಂತರ ಕಾಲೇಜು ಪಂದ್ಯಗಳನ್ನು ನಿಲ್ಲಿಸಿದರು. ಗೆರೆ ದಾಟಿದವರು ಹೀಗೆ ನಿಂತರು. ಗೆರೆಯೊಳಗೆ ಇದ್ದವರ ಆಟ ನಡೆಯುತ್ತ ಹೋಯಿತು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸ್ಟ್ಯಾನ್‌ಫರ್ಡಿನ ಹುಡುಗಿಯರೇ ಸರಿ ಎಂದು ಈಗಲೂ ಅನಿಸುತ್ತದೆ.

ಅದೇ ೧೮೯೯ರ ಜೂನ್ ತಿಂಗಳಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ದೈಹಿಕ ಶಿಕ್ಷಕರ ಸಮ್ಮೇಳನವೊಂದು ಸೇರಿತು. ಆ ಹೊತ್ತಿಗೆ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲಿಗೆ ಊರಿಗೊಂದು ನಿಯಮವಾಗಿತ್ತು. ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕ್ಲಾರಾ ಬೇರ್ ಎಂಬ ಇನ್ನೊಬ್ಬ ಶಿಕ್ಷಕಿ ೧೮೯೫ರಲ್ಲಿಯೇ ತನ್ನದೇ ನಿಯಮಗಳನ್ನು ಅಚ್ಚು ಹಾಕಿಸಿದ್ದಳು. ಎಲ್ಲಕ್ಕೂ ಒಂದೇ ಕಟ್ಟಳೆ ಇರಲೆಂದು ಸಮ್ಮೇಳನವು ಒಂದು ಸಮಿತಿಯನ್ನು ನೇಮಿಸಿತು, ಸೆಂಡಾ ಅದರಲ್ಲಿದ್ದಳು. ಸಮಿತಿಯ ನಿಯಮಗಳು ಆಕೆಯ ಸಂಪಾದಕತ್ವದಲ್ಲಿ ೧೯೦೧ರಲ್ಲಿ ಸ್ಪಾಲ್ಡಿಂಗ್ ಕಂಪನಿಯಿಂದ ಪುಸ್ತಕವಾಗಿ ಹೊರಬಂದವು. ಮುಂದೆ ೧೯೦೫ರಿಂದ ೧೯೧೭ರವರೆಗೆ ಆ ನಿಯಮಗಳ ಸಮಿತಿಗೆ ಆಕೆಯೇ ಅಧ್ಯಕ್ಷೆ. ನಡುವೆ ೧೮೯೭ರಲ್ಲಿ ಸ್ವೀಡನ್ನಿಗೆ ಹೋಗಿ ಸ್ಟಾಕ್‌ಹೋಮಿನ ಪ್ರಸಿದ್ಧ ವ್ಯಾಯಾಮ ಸಂಸ್ಥೆಯಲ್ಲಿ ಹೆಚ್ಚಿನ ಶಿಕ್ಷಣ ಪಡೆದು ಬಂದಳು. ಸ್ಮಿತ್ ಕಾಲೇಜಿನಲ್ಲಿ ಕತ್ತಿವರಸೆಯನ್ನೂ ಹಾಕಿಯನ್ನೂ ಆರಂಭಿಸಿದವಳೂ ಆಕೆಯೇ.

೧೯೧೧ರಲ್ಲಿ ಅದೇ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಹರ್ಬರ್ಟ್ ವಾನ್ ಆಬಟ್ ಎಂಬವರನ್ನು ಮದುವೆಯಾದಳು. ಆಗ ಆಕೆಗೆ ನಲವತ್ತಮೂರು ವರ್ಷ. ಮದುವೆಯೊಂದಿಗೆ ಸ್ಮಿತ್ ಕಾಲೇಜಿನ ಕೆಲಸ ಬಿಟ್ಟಳು. ಗಂಡ ಮಾತ್ರ ಪಾಠ ಹೇಳುತ್ತ ಮುಂದುವರಿದನು. ಈ ವಾಕ್ಯವನ್ನು ಇಷ್ಟಕ್ಕೇ ಬಿಟ್ಟು ಮುಂದೆ ಹೋಗುತ್ತೇನೆ. ನಮ್ಮ ತಂಡದಿಂದ ಮದುವೆಯ ನೆಪದಲ್ಲಿ ಹೋದವರನ್ನು ಎಣಿಸಲು ಕುಳಿತರೆ ಈ ಲೇಖನ ಮುಗಿಯುವುದಿಲ್ಲ. ಸೆಂಡಾ ಸುಮ್ಮನೆ ಕೂರಲಿಲ್ಲವೆಂಬುದು ಸಮಾಧಾನ. ಅದೇ ಊರಿನ ಮೇರಿ ಬರ್ನ್‌ಹ್ಯಾಮ್ ಹೆಣ್ಣುಮಕ್ಕಳ ಶಾಲೆಯಲ್ಲಿ ೧೯೨೧ರವರೆಗೆ ವ್ಯಾಯಾಮ ಶಿಕ್ಷಣದ ಹೊಣೆ ಹೊತ್ತಿದ್ದಳು. ೧೯೨೯ರಲ್ಲಿ ಗಂಡ ತೀರಿಕೊಂಡನು. ೧೯೩೪ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ನಗರಕ್ಕೆ ಹೋಗಿ ತಂಗಿಯೊಂದಿಗೆ ವಾಸ ಮಾಡಿದಳು. ೧೯೫೪ರ ಫೆಬ್ರವರಿ ೧೬ರಂದು ತನ್ನ ಎಂಬತ್ತೈದನೆಯ ವಯಸ್ಸಿನಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದಳು. ಕೆಲವು ನಿಮಿಷ ನಿಲ್ಲಲಾರದ ಹುಡುಗಿ ಎಂಬತ್ತೈದು ವರ್ಷ ಬಾಳಿದಳು.

ಆಕೆಯ ಗೆರೆಗಳು ಆಕೆಗಿಂತ ಹೆಚ್ಚು ಕಾಲ ಉಳಿದವು. ೧೯೩೮ರಲ್ಲಿ ಮೂರು ಪಾಲಿನ ಅಂಗಳ ಎರಡು ಪಾಲಾಯಿತು. ಒಂದೊಂದು ಕಡೆಗೆ ಆರು ಮಂದಿ ಎಂದಾಯಿತು. ಅಮೆರಿಕದ ಕಾಲೇಜು ಹುಡುಗಿಯರಿಗೆ ಇಡೀ ಅಂಗಳ ಬಿಟ್ಟುಕೊಟ್ಟು, ಗಂಡಸರಂತೆ ಐದೈದು ಮಂದಿ ಆಡುವ ನಿಯಮ ಬಂದದ್ದು ೧೯೭೧ರಲ್ಲಿ. ಅಯೋವಾ ರಾಜ್ಯದ ಶಾಲೆಗಳಲ್ಲಂತೂ ೧೯೯೩ರವರೆಗೂ ನಡುಗೆರೆ ದಾಟದ ಆಟವೇ ನಡೆಯಿತು. ೧೯೭೬ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲ್ ಮೊದಲ ಸಲ ಸೇರಿತು. ೧೯೮೫ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿರುವ ಬಾಸ್ಕೆಟ್‌ಬಾಲ್ ಕೀರ್ತಿ ಮಂದಿರಕ್ಕೆ ಸೆಂಡಾಳ ಹೆಸರು ಸೇರಿತು. ಆ ಗೌರವ ಪಡೆದ ಮೊದಲ ಮಹಿಳೆಯರಲ್ಲಿ ಆಕೆ ಒಬ್ಬಳು. ಇನ್ನೊಂದು ಸಂಗತಿ ಓದಿ ನನಗೆ ನಗು ಬಂತು. ಬೇರೆ ಕಾಲೇಜಿನ ಮೇಲೆ ಆಡಬಾರದೆಂದು ಆಕೆ ತಡೆದಿದ್ದ ಅದೇ ಸ್ಮಿತ್ ಕಾಲೇಜಿನ ತಂಡ, ೨೦೨೪ರಲ್ಲಿ ತನ್ನ ವಿಭಾಗದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಒಂದೊಂದೇ ಕಾಲೇಜನ್ನು ಸೋಲಿಸುತ್ತ ಅಂತಿಮ ಪಂದ್ಯದವರೆಗೆ ಬಂದು, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎದುರು ಸೋತಿತು. ಸೆಂಡಾ ನೋಡಿದ್ದರೆ ಏನೆನ್ನುತ್ತಿದ್ದಳೋ! ಮುಖ ತಿರುಗಿಸುತ್ತಿದ್ದಳೋ, ಅಥವಾ ಎರಡನೆಯ ವರ್ಷದವರ ಬಣ್ಣದ ಬಟ್ಟೆ ಹುಡುಕಿ ತಂದು ತೂಗುಬಿಡುತ್ತಿದ್ದಳೋ.

ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ವರ್ಷ ನಮ್ಮ ತಂಡದ ಗತಿಯೇನೆಂದು ಮೊದಲನೆಯ ವರ್ಷದ ತಂಗಿಯರು ಕೇಳುತ್ತಿದ್ದಾರೆ. ಅವರಿಗಾಗಿ ಎರಡು ಮಾತು. ಕಳೆದ ವರ್ಷ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ನಾವು ನೆರೆಯ ತಾಲ್ಲೂಕಿನ ಕಾಲೇಜಿನ ಎದುರು ೩೧-೩೩ರಿಂದ ಸೋತೆವು. ಅದಕ್ಕೂ ಹಿಂದಿನ ವರ್ಷವೂ ಅವರ ಎದುರೇ ಸೋತಿದ್ದೆವಂತೆ. ಆಗ ನಾನು ಕಾಂಪೌಂಡಿನ ಒಳಗಿದ್ದೆ. ಕಳೆದ ವರ್ಷ ಹೊರಡಲು ಪೋಷಕರ ಒಪ್ಪಿಗೆ ಪತ್ರ ಬೇಕಾಗಿತ್ತು. ಅಪ್ಪ ಆ ಕಾಗದವನ್ನು ದೇವರ ಪಟದ ಕೆಳಗಿಟ್ಟು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಮಂಡಿಗೆ ಹೊರಡುವ ಮುನ್ನ, ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ನಿಧಾನವಾಗಿ ತನ್ನ ಹೆಸರು ಬರೆದು ಕೊಟ್ಟ. ಬಸ್ಸಿನ ಖರ್ಚಿಗೆಂದು ನೂರು ರೂಪಾಯಿಯನ್ನೂ ಮಡಿಸಿ ಇಟ್ಟಿದ್ದ.

ಈ ಸಲ ಆ ಕಾಲೇಜಿನ ಉದ್ದನೆಯ ಹುಡುಗಿಯರಿಬ್ಬರು ಪದವಿ ಮುಗಿಸಿ ಹೋಗಿದ್ದಾರೆ. ನಮ್ಮ ಕಡೆ ರಕ್ಷಣೆ ಗಟ್ಟಿಯಾಗಿದೆ. ಬುಟ್ಟಿಗೆ ಹಾಕುವವರು ಕಡಿಮೆ. ದ್ವಿತೀಯ ಬಿ.ಎ.ಯಲ್ಲಿ ಒಬ್ಬ ಹುಡುಗಿಯಿದ್ದಾಳೆ; ವಾಲಿದ ಕಂಬಕ್ಕೂ ಹತ್ತರಲ್ಲಿ ಏಳು ಸಲ ಗುರಿ ತಪ್ಪದೆ ಹಾಕುತ್ತಾಳೆ. ಅವಳು ಬಂದರೆ ಗೆಲ್ಲುತ್ತೇವೆಂದು ವ್ಯಾಯಾಮದ ಮೇಷ್ಟ್ರು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತು. ನಾವು ಮೂವರು ಈ ವರ್ಷ ಓದು ಮುಗಿಸಿ ಹೊರಟರೆ ತಂಡದಲ್ಲಿ ಉಳಿಯುವುದು ಸರಿಯಾಗಿ ಐದೇ ಮಂದಿ. ಅವಳೂ ಬಿಟ್ಟರೆ ಮುಂದಿನ ವರ್ಷ ತಂಡವೇ ನಿಲ್ಲುವುದಿಲ್ಲ. ಅವಳ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ಮನೆಯಲ್ಲಿ ಬೇಡವೆಂದಿದ್ದಾರಂತೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾವಿಬ್ಬರು ಅವಳ ಊರಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅಪ್ಪನೂ ಬರುತ್ತೇನೆಂದಿದ್ದಾನೆ. ಭಾನುವಾರ ಮಂಡಿಗೆ ರಜೆ.